ಗೇಟಿನ ಪಕ್ಕದ ಬೋರ್ಡು: ಏಪ್ರಿಲ್‌ನಿಂದ ಆಗಸ್ಟ್‌ವರೆಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯ ನೋಟೀಸ್ ಬೋರ್ಡಿನಲ್ಲಿ 2025ರ ಮಾರ್ಚ್ ಕೊನೆಗೂ ಹಿಂದಿನ ನವೆಂಬರದ ಕಲೋತ್ಸವದ ನೋಟೀಸೇ ಇತ್ತು. ಬೋರ್ಡಿಗೆ ಬಲೆಯ ಬಾಗಿಲು, ಬಾಗಿಲಿಗೆ ಬೀಗ. ಬೀಗದ ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಹೊಸ ನೋಟೀಸುಗಳನ್ನು ಬಲೆಯ ಮೇಲೆಯೇ ಸಿಕ್ಕಿಸುತ್ತಿದ್ದರು. ಎರಡು ದಿನದಲ್ಲಿ ಗಾಳಿಗೆ ಹಾರಿ ತೋಡಿಗೆ ಬೀಳುತ್ತಿದ್ದವು.

ವಾಟ್ಸಾಪ್ ಗುಂಪು ಇಲ್ಲವೇ ಅಂತ ಕೇಳಬಹುದು. ಇದೆ. ಅದರಲ್ಲಿ ದಿನಕ್ಕೆ ನಲವತ್ತು ಶುಭೋದಯ, ಮಧ್ಯದಲ್ಲಿ ಎಲ್ಲೋ ಒಂದು ಸಭೆಯ ತಾರೀಕು. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವವರಲ್ಲಿ ಅರ್ಧದಷ್ಟು ಜನ ಅಜ್ಜಿಯರು. ಅವರ ಕೈಯಲ್ಲಿ ಗುಂಡಿ ಒತ್ತುವ ಫೋನು. ವಾರ್ಷಿಕೋತ್ಸವಕ್ಕೆ ಒಬ್ಬರು ಅಜ್ಜಿ ಹೊಸ ಸೀರೆ ಉಟ್ಟು ಒಂದು ದಿನ ಮೊದಲೇ ಬಂದು ಖಾಲಿ ವೇದಿಕೆ ನೋಡಿ ಹೋದರು. ಮಾರ್ಚ್‌ನ ಪಿ.ಟಿ.ಎ. (ಶಿಕ್ಷಕ-ರಕ್ಷಕ ಸಂಘ) ಸಭೆಯಲ್ಲಿ ಆ ಮಾತು ಬಂತು. ಎಲ್ಲರೂ ನಗಾಡಿದರು. ನಾನು ಸುಮ್ನೆ ಇರಬೇಕಿತ್ತು, "ನಾನೊಂದು ಬೋರ್ಡು ಮಾಡಿ ಕೊಡ್ತೇನೆ" ಅಂದುಬಿಟ್ಟೆ.

ನಾನು ಅಡಿಕೆ ಕೃಷಿಕ. ಔಷಧಿ ಬಿಡುವ ಪಂಪು, ನೀರಿನ ಮೋಟಾರು ರಿಪೇರಿ ಮಾಡಿಕೊಳ್ಳುವಷ್ಟು ಕೈಕೆಲಸ ಬರುತ್ತದೆ. ಗ್ರೈಂಡರ್, ಹ್ಯಾಮರ್ ಡ್ರಿಲ್, ಒಂದು ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮೆಶಿನ್ ಇವೆ. ಪಿ.ಟಿ.ಎ. 8,000 ರೂಪಾಯಿ ಮಂಜೂರು ಮಾಡಿತು. ಎರಡು ವಾರದ ಕೆಲಸ ಅಂದುಕೊಂಡಿದ್ದೆ.

ಏಪ್ರಿಲ್ 12, ಶನಿವಾರ. ಜಾಗ ಮತ್ತು ಅಳತೆ

ಆಫೀಸಿನ ಜಗಲಿಯಲ್ಲಿ ಹಾಕಿದರೆ ಮಳೆಯ ಚಿಂತೆ ಇಲ್ಲ, ಆದರೆ ಅಜ್ಜಿಯರು ಅಲ್ಲಿವರೆಗೆ ಬರುವುದಿಲ್ಲ. ಗೇಟಿನ ಹೊರಗೇ ನಿಲ್ಲುತ್ತಾರೆ. ಹಾಗಾಗಿ ಗೇಟಿನ ಪಕ್ಕದ ಹಳೇ ಸ್ಟೋರ್ ರೂಮಿನ ಹೊರಗೋಡೆ ಆರಿಸಿದೆವು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, 9 ಇಂಚು ದಪ್ಪ, ಹೊರಗೆ ಗಾರೆ ಇಲ್ಲ. ಗೋಡೆಯ ಮುಖ ಪಶ್ಚಿಮಕ್ಕೆ. ನಮ್ಮಲ್ಲಿ ಮಳೆ ಬೀಸುವುದೂ ಪಶ್ಚಿಮದಿಂದಲೇ. ಏಪ್ರಿಲ್‌ನ ಬಿಸಿಲಿನಲ್ಲಿ ಅದು ನೆನಪಾಗಲಿಲ್ಲ.

ಬೋರ್ಡಿನ ಅಳತೆ 6 ಅಡಿ ಅಗಲ, ಮೂರೂವರೆ ಅಡಿ ಎತ್ತರ. ಎಡಗಡೆಯ 2 ಅಡಿಗೆ ಪಾರದರ್ಶಕ ಬಾಗಿಲು, ಒಳಗೆ ಪ್ರಿಂಟ್ ಮಾಡಿದ ನೋಟೀಸು, ಫೋಟೋ. ಬಲಗಡೆಯ 4 ಅಡಿ ತೆರೆದದ್ದು. ಅಲ್ಲಿ 'ಮುಂದಿನ ಕಾರ್ಯಕ್ರಮ' ಮತ್ತು 'ಇಂದಿನ ವಾರ್ತೆ'. ಮೇಲೆ ತಗಡಿನ ಸೂರು.

ಏಪ್ರಿಲ್ 19. ಮೊದಲ ದಂಡ

ಮ್ಯಾಗ್ನೆಟ್ ಅಂಟಿಸುವ ಬೋರ್ಡು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಪಿನ್ನು ಹಾಕಿದರೆ ಮಕ್ಕಳು ಕೀಳುತ್ತಾರೆ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಕಾಸರಗೋಡಿಗೆ ಹೋಗಿ ಅಂಗಡಿ ಬೋರ್ಡುಗಳಿಗೆ ಹಾಕುವ ಎ.ಸಿ.ಪಿ. ಹಾಳೆ ತಂದೆ. 8 ಅಡಿಗೆ 4 ಅಡಿ, ಬಿಳಿ ಬಣ್ಣ, ನುಣುಪು, ತುಕ್ಕಿಲ್ಲ. 1,900 ರೂಪಾಯಿ. ಪಿಕಪ್ಪಿನಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಬಂದೆ.

ಮನೆಯಲ್ಲಿ ಇಳಿಸಿ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ತಂದು ಇಟ್ಟೆ. ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ಟೆ. ಅದೂ ಬಿತ್ತು. ಎ.ಸಿ.ಪಿ. ಅಂದರೆ ಎರಡು ತೆಳು ಅಲ್ಯುಮಿನಿಯಂ ಹಾಳೆ, ಮಧ್ಯೆ ಪ್ಲಾಸ್ಟಿಕ್. ಅಲ್ಯುಮಿನಿಯಂಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ ಅಂತ ನಾಲ್ಕನೇ ತರಗತಿಯ ನನ್ನ ಮಗಳಿಗೂ ಗೊತ್ತಿತ್ತು. ಅವಳೇ ಹೇಳಿದ್ದು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ತಪ್ಪು ಅವರದ್ದಲ್ಲ.

ಇಂಥ ಕೆಲಸಕ್ಕೆ ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಪಾತ್ರೆಗೆ ಬಳಸುವ ಒಳ್ಳೆ ಜಾತಿಯ ಸ್ಟೇನ್‌ಲೆಸ್ ಸ್ಟೀಲಿಗೂ ಅದು ಹಿಡಿಯುವುದಿಲ್ಲ. ಕೊನೆಗೆ ತಂದದ್ದು 26 ಗೇಜಿನ ಸಾದಾ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಗಡು, 1,000 ರೂಪಾಯಿ.

ಮೇ 1. ಚೌಕಟ್ಟು

1 ಇಂಚಿನ ಚೌಕ ಜಿ.ಐ. ಪೈಪು, 16 ಗೇಜು, 20 ಅಡಿಯ ಮೂರು ಉದ್ದ. ಒಂದಕ್ಕೆ 620ರಂತೆ 1,860 ರೂಪಾಯಿ. ಹೊರಚೌಕಟ್ಟಿಗೆ 19 ಅಡಿ, ಒಳಗಿನ ಎರಡು ಕಂಬಕ್ಕೆ 7, ಬಾಗಿಲಿಗೆ 11, ಸೂರಿನ ಕೈಗಳಿಗೆ 6. ಒಟ್ಟು 43 ಅಡಿ. ಉಳಿದದ್ದು ಯಾಕೆ ಅಂತ ಆಗ ಬೇಜಾರಾಗಿತ್ತು, ಜೂನ್‌ನಲ್ಲಿ ಅದೇ ಕೈಹಿಡಿಯಿತು.

ವೆಲ್ಡಿಂಗ್ 100 ಆಂಪಿಯರಿನಲ್ಲಿ ಶುರು ಮಾಡಿದೆ. ಮೊದಲ ಮೂಲೆಯಲ್ಲೇ ಪೈಪು ಕರಗಿ ಕಡಲೆಕಾಯಿ ಗಾತ್ರದ ತೂತು ಬಿತ್ತು. ಅದನ್ನು ಮುಚ್ಚಲು ಹೋಗಿ ಇನ್ನೂ ದೊಡ್ಡದಾಯಿತು. 65ಕ್ಕೆ ಇಳಿಸಿ, ಎಳೆಯುತ್ತಾ ಹೋಗದೆ ಚುಕ್ಕೆ ಚುಕ್ಕೆ ಇಟ್ಟ ಮೇಲೆ ಸರಿಯಾಯಿತು. ಜಿ.ಐ. ಪೈಪನ್ನು ಬೆಸೆಯುವ ಮೊದಲು ಮೂಲೆಗಳ ಸತುವಿನ ಪದರವನ್ನು ಗ್ರೈಂಡರಿನಲ್ಲಿ ತೆಗೆಯಲೇಬೇಕು. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ನಾನು ಎರಡು ಮೂಲೆ ಸೋಮಾರಿತನ ಮಾಡಿದೆ, ಜ್ವರ ಬರಲಿಲ್ಲ, ಆದರೆ ಇಡೀ ಸಂಜೆ ಬಾಯಿಯಲ್ಲಿ ಹಳೇ ನಾಣ್ಯ ಇಟ್ಟುಕೊಂಡ ಹಾಗಿತ್ತು.

ಕರ್ಣ ಅಳೆದರೆ ಎರಡರ ಮಧ್ಯೆ ಅರ್ಧ ಇಂಚು ವ್ಯತ್ಯಾಸ. ಅಂದರೆ ಚೌಕ ಚೌಕವಲ್ಲ. ಸಣ್ಣ ಟಾಕಾ ಹಾಕಿ, ಅಳೆದು, ಆಮೇಲೆ ಪೂರ್ತಿ ಬೆಸೆಯಬೇಕಿತ್ತು. ಒಂದು ಮೂಲೆ ಕತ್ತರಿಸಿ ಮತ್ತೆ ಬೆಸೆದೆ. ಈಗಲೂ ಬಲಗಡೆ ನೋಡಿದರೆ ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ. ನನಗೆ ಮಾತ್ರ ಕಾಣುವುದು ಅಂತ ಹೆಂಡತಿ ಹೇಳುತ್ತಾಳೆ.

ಮೇ 4ರಿಂದ 14. ಅಕ್ಷರಗಳು

ಹೆಚ್ಚು ಸಮಯ ತಿಂದದ್ದು ಇದೇ. ಕಬ್ಬಿಣದ ಕೆಲಸ ಕಷ್ಟ ಅಂದುಕೊಂಡಿದ್ದೆ, ಅದಕ್ಕಿಂತ ಕಷ್ಟ ಕನ್ನಡದ್ದು.

ನನ್ನ ಮೊದಲ ಯೋಚನೆ: ಆಟದ ಸಾಮಾನಿನ ಅಂಗಡಿಯಲ್ಲಿ ಇಂಗ್ಲಿಷ್ ಮ್ಯಾಗ್ನೆಟ್ ಅಕ್ಷರ ಸಿಗುತ್ತದಲ್ಲ, ಹಾಗೆ ಕನ್ನಡ ಅಕ್ಷರ ಕತ್ತರಿಸಿ ಡಬ್ಬದಲ್ಲಿ ಇಟ್ಟರೆ ಮಕ್ಕಳೇ ಬೇಕಾದ ಪದ ಜೋಡಿಸುತ್ತಾರೆ. ಇಂಗ್ಲಿಷಿಗೆ 26 ಸಾಕು. ನಮ್ಮದು 49, ಅಷ್ಟೇ ತಾನೇ?

ಕಾಗದ ತೆಗೆದುಕೊಂಡು ಕೂತೆ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಅಲ್ಲಿಗೇ ನಾನೂರು ದಾಟಿತು. ಒತ್ತಕ್ಷರ ಇನ್ನೂ ಮುಟ್ಟಿರಲಿಲ್ಲ. 'ಪ್ರವೇಶೋತ್ಸವ' ಅಂತ ಬರೆಯಲು ಪ್ರ, ವೇ, ಶೋ, ತ್ಸ, ವ. ಇದರಲ್ಲಿ 'ತ್ಸ' ವರ್ಷಕ್ಕೆ ಎಷ್ಟು ಸಲ ಬೇಕಾದೀತು? ಕಲೋತ್ಸವ, ಪ್ರವೇಶೋತ್ಸವ, ವಾರ್ಷಿಕೋತ್ಸವ ಮೂರೂ ಒಂದೇ ತಿಂಗಳಲ್ಲಿ ಬಂದರೆ? ಸ್ವರಚಿಹ್ನೆ, ಒತ್ತು ಎಲ್ಲ ಬೇರೆ ಬೇರೆ ಕತ್ತರಿಸಿ ಅಂಟಿಸಿಕೊಳ್ಳೋಣ ಅಂತಲೂ ನೋಡಿದೆ. ರಟ್ಟಿನಲ್ಲಿ ಕತ್ತರಿಸಿ ಮಗಳ ಕೈಗೆ ಕೊಟ್ಟೆ. 'ರಜೆ' ಬರೆಯಲು ಅವಳಿಗೆ ನಾಲ್ಕು ನಿಮಿಷ ಬೇಕಾಯಿತು. ತಲೆಕಟ್ಟು ಎರಡು ಸಲ ಮಂಚದ ಅಡಿಗೆ ಹೋಯಿತು.

ಅಕ್ಷರ ಬಿಟ್ಟು ಪದಕ್ಕೆ ಬಂದೆ. ಶಾಲೆಯಲ್ಲಿ ವರ್ಷವಿಡೀ ಯಾವ ಪದ ಬೇಕಾಗುತ್ತದೆ ಅಂತ ಟೀಚರ್ ಜೊತೆ ಕೂತು ಪಟ್ಟಿ ಮಾಡಿದೆ. ಏಳು ವಾರ, ಹನ್ನೆರಡು ತಿಂಗಳು, ಅಂಕಿಗಳು ಎರಡೆರಡು ಸೆಟ್. ಸಭೆ, ರಜೆ, ಪರೀಕ್ಷೆ, ಬಾಲಸಭೆ, ಪಿ.ಟಿ.ಎ., ಆಟೋಟ, ಪ್ರವಾಸ, ಲಸಿಕೆ. ಆಮೇಲೆ ದಿನಾಚರಣೆಗಳು. ಜೂನ್ 5 ಪರಿಸರ ದಿನ, ಜೂನ್ 19 ವಾಚನ ದಿನ, ಜುಲೈ 21 ಚಾಂದ್ರ ದಿನ, ಆಗಸ್ಟ್ 6 ಹಿರೋಷಿಮಾ ದಿನ, ನವೆಂಬರ್ 1 ಕೇರಳ ರಾಜ್ಯೋದಯ. ಜೂನ್ 8 ಬೇಕೇಬೇಕು ಅಂತ ಟೀಚರ್ ಹೇಳಿದರು. ಅದು ಕಯ್ಯಾರ ಕಿಞ್ಞಣ್ಣ ರೈಗಳು ಹುಟ್ಟಿದ ದಿನ. 1915ರಲ್ಲಿ ಹುಟ್ಟಿ, ನೂರು ತುಂಬಿಸಿ, 2015ರ ಆಗಸ್ಟ್‌ನಲ್ಲಿ ಹೋದರು. ಬದಿಯಡ್ಕದಲ್ಲೇ ಇದ್ದ ಕವಿ, ಅದೂ ಶಾಲೆಯ ಮೇಷ್ಟ್ರು. ಒಟ್ಟು 96 ಅಂಟಿಸುವ ಪಟ್ಟಿಗಳಾದವು.

ಪಟ್ಟಿಯ ಎತ್ತರ 2 ಇಂಚು, ಉದ್ದ ಪದಕ್ಕೆ ತಕ್ಕಂತೆ. ಹಳದಿ ವಿನೈಲ್ ಸ್ಟಿಕ್ಕರಿನಲ್ಲಿ ಕಪ್ಪು ಅಕ್ಷರ, ಹಿಂದೆ ಮ್ಯಾಗ್ನೆಟ್ ಹಾಳೆ. ಪಟ್ಟಣದ ಪ್ರಿಂಟಿಂಗ್ ಅಂಗಡಿಯೊಂದಕ್ಕೆ ವಾಟ್ಸಾಪಿನಲ್ಲಿ ಪದಗಳನ್ನು ಟೈಪ್ ಮಾಡಿ ಕಳಿಸಿದೆ. ಅಲ್ಲಿ ಕೂತ ಹುಡುಗನಿಗೆ ಕನ್ನಡ ಓದಲು ಬಾರದು, ಅವನ ಸಾಫ್ಟ್‌ವೇರಿಗೂ ಬಾರದು. ಸ್ಟಿಕ್ಕರ್ ಬಂತು. 'ಪ್‌ರವೇಶೋತ್‌ಸವ', 'ಪರೀಕ್‌ಷೆ'. ಎಲ್ಲ ಒತ್ತಕ್ಷರವೂ ಅರ್ಧಾಕ್ಷರವಾಗಿ ಬಿಚ್ಚಿ ಕೂತಿತ್ತು. ಕಿಞ್ಞಣ್ಣ ರೈಗಳ ಹೆಸರಂತೂ ನೋಡುವ ಹಾಗಿರಲಿಲ್ಲ. ನಾನು ಪ್ರಿಂಟಿಗೆ ಮೊದಲು ನಮೂನೆ ತರಿಸಿ ನೋಡಲಿಲ್ಲ. 320 ರೂಪಾಯಿ ಹೋಯಿತು.

ಎರಡನೇ ಸಲ ನಾನೇ ಮನೆಯ ಕಂಪ್ಯೂಟರಿನಲ್ಲಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿ ಕೂತೆ. ಪದ ಟೈಪ್ ಮಾಡುವುದು, ಆಮೇಲೆ 'ಟೆಕ್ಸ್ಟ್' ಅನ್ನು 'ಪಾತ್' ಆಗಿ ಬದಲಿಸುವುದು, ಪಿ.ಡಿ.ಎಫ್. ಮಾಡಿ ಕಳಿಸುವುದು. ಹಾಗೆ ಮಾಡಿದರೆ ಅಕ್ಷರ ಚಿತ್ರವಾಗುತ್ತದೆ, ಅಂಗಡಿಯ ಕಂಪ್ಯೂಟರಿಗೆ ಕನ್ನಡ ಬಾರದಿದ್ದರೂ ಪರವಾಗಿಲ್ಲ. ಈ ಸಲ ಸರಿಯಾಗಿ ಬಂತು, 640 ರೂಪಾಯಿ. ಗಡಿನಾಡಿನಲ್ಲಿ ಮದುವೆ ಕಾಗದ, ಜಾತ್ರೆಯ ಫ್ಲೆಕ್ಸ್ ಮಾಡಿಸುವವರೂ ಹೀಗೆ ಮಾಡಬಹುದು.

ಮ್ಯಾಗ್ನೆಟ್ ಹಾಳೆಯಲ್ಲೂ ಒಂದು ಎಡವಟ್ಟು. ಅರ್ಧ ಮಿಲಿಮೀಟರಿನದ್ದು ಅಗ್ಗ ಅಂತ 400 ರೂಪಾಯಿಗೆ ತಂದೆ. ಬರೀ ತಗಡಿಗೆ ಚೆನ್ನಾಗಿ ಹಿಡಿಯಿತು. ಬಣ್ಣ ಹಚ್ಚಿದ ತುಂಡಿನ ಮೇಲೆ ಇಟ್ಟರೆ ನಿಧಾನಕ್ಕೆ ಜಾರುತ್ತಾ ಕೆಳಗೆ ಬಂತು, ಮಧ್ಯಾಹ್ನದ ಪೀರಿಯಡ್‌ನ ಮಕ್ಕಳ ಕಣ್ಣುರೆಪ್ಪೆಯ ಹಾಗೆ. 0.8 ಮಿಲಿಮೀಟರಿನದ್ದು ಎರಡು ಮೀಟರ್ ತಂದೆ, 1,100 ರೂಪಾಯಿ. ಅದು ನಿಂತಿತು.

ಗುಂಡಗಿನ ಸಣ್ಣ ಬೆಳ್ಳಿ ಬಣ್ಣದ ಮ್ಯಾಗ್ನೆಟ್‌ಗಳನ್ನೂ ತರುವವನಿದ್ದೆ, ಕಾಗದ ಸಿಕ್ಕಿಸಲು. ಟೀಚರ್ ಒಪ್ಪಲಿಲ್ಲ. ಅವರು ಹೇಳಿದ್ದು ಸರಿ. ಒಂದನೇ ತರಗತಿಯ ಮಕ್ಕಳು ಬಾಯಿಗೆ ಹಾಕುತ್ತಾರೆ, ಎರಡು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ಮಧ್ಯೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಾಗಿಲಿನ ಒಳಗೂ ಅದೇ ಹಾಳೆಯ 3 ಇಂಚಿನ ತುಂಡುಗಳೇ ಇರಲಿ ಅಂತಾಯಿತು.

ಮೇ 11, ಭಾನುವಾರ. ಗೋಡೆ

ಮುರಕಲ್ಲಿಗೆ ಆಂಕರ್ ಬೋಲ್ಟ್ ಹೊಡೆಯಬೇಡಿ. ಗೊತ್ತಿದ್ದೂ ಹೊಡೆದೆ. ಡ್ರಿಲ್ ಬೆಣ್ಣೆಗೆ ಹೋದ ಹಾಗೆ ಹೋಯಿತು, ಆಗಲೇ ಸಂಶಯ ಬರಬೇಕಿತ್ತು. ಬೋಲ್ಟ್ ಬಿಗಿದ ಹಾಗೆ ತೂತಿನೊಳಗಿನ ಕಲ್ಲು ಕೆಂಪು ಪುಡಿಯಾಗಿ ಉದುರುತ್ತಾ ಹೋಯಿತು. ನಾಲ್ಕರಲ್ಲಿ ಮೂರನ್ನು ಕೈಯಲ್ಲೇ ಎಳೆದು ತೆಗೆದೆ. 100 ರೂಪಾಯಿ ದಂಡ.

ಮಾಡಿದ ಪರಿಹಾರ: ಗೋಡೆಯ ಆಚೆ ಬದಿಯವರೆಗೆ 12 ಮಿಲಿಮೀಟರ್ ತೂತು. 10 ಮಿಲಿಮೀಟರಿನ ಮರೆಸರಳನ್ನು (ಉದ್ದಕ್ಕೂ ಸ್ಕ್ರೂವಿನ ಹಾಗೆ ಸುತ್ತು ಇರುವ ಸರಳು) 14 ಇಂಚಿಗೆ ಕತ್ತರಿಸಿ ತೂರಿಸಿದೆ. ಒಳಗಡೆ ಸ್ಟೋರ್ ರೂಮಿನಲ್ಲಿ 4 ಇಂಚಿನ ಚೌಕ ಕಬ್ಬಿಣದ ಪ್ಲೇಟು, ವಾಷರು, ನಟ್ಟು. ಹೊರಗೆ ಚೌಕಟ್ಟು. ಹೀಗೆ ನಾಲ್ಕು ಕಡೆ. ಸರಳು, ನಟ್ಟು ಸೇರಿ 280 ರೂಪಾಯಿ, ಪ್ಲೇಟು ಗುಜರಿಯದ್ದು. ಈಗ ಅದರ ಮೇಲೆ ನಾನೇ ನೇತಾಡಿದರೂ ಅಲುಗುವುದಿಲ್ಲ. ನೇತಾಡಿ ನೋಡಿದ್ದೇನೆ.

ಮೇ 17ರಿಂದ 30. ಬಣ್ಣ

ತಗಡು ಹೊಳೆಯುತ್ತಿತ್ತು, ನುಣುಪಾಗಿತ್ತು. ಹಸಿರು ಬ್ಲ್ಯಾಕ್‌ಬೋರ್ಡ್ ಪೇಂಟನ್ನು ನೇರ ಹಚ್ಚಿಬಿಟ್ಟೆ. ಎರಡು ಕೋಟು. ಒಣಗಿದ ಮೇಲೆ ಅಂಗಡಿಯಿಂದ ತಂದದ್ದರ ಹಾಗೇ ಕಾಣುತ್ತಿತ್ತು. ಫೋಟೋ ತೆಗೆದು ಗುಂಪಿಗೆ ಹಾಕಿದೆ, ಹೊಗಳಿಕೆಯೂ ಬಂತು.

ಮೇ 24ಕ್ಕೆ ಕೇರಳಕ್ಕೆ ಮಳೆಗಾಲ ಬಂತು ಅಂತ ಹವಾಮಾನ ಇಲಾಖೆ ಹೇಳಿತು. ವಾಡಿಕೆಯ ಜೂನ್ 1ಕ್ಕಿಂತ ಎಂಟು ದಿನ ಮೊದಲೇ. ನನ್ನ ಲೆಕ್ಕದಲ್ಲಿ ಇನ್ನೂ ಒಂದು ವಾರದ ಬಿಸಿಲು ಬಾಕಿ ಇತ್ತು.

ಮೇ 28ಕ್ಕೆ ತಗಡನ್ನು ಜಗಲಿಯಿಂದ ಎತ್ತುವಾಗ ಉಗುರು ತಾಗಿತು. ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ಎಳೆದರೆ ಅಂಗೈ ಅಗಲದ್ದು ಒಂದೇ ತುಂಡು. ಸತುವಿನ ಮೇಲೆ ಎಣ್ಣೆ ಬಣ್ಣ ಪ್ರೈಮರ್ ಇಲ್ಲದೆ ಕೂರುವುದಿಲ್ಲ. ಡಬ್ಬದ ಹಿಂದೆಯೇ ಬರೆದಿತ್ತು, ಸಣ್ಣ ಅಕ್ಷರದಲ್ಲಿ.

ಪೂರ್ತಿ ಕೆರೆದೆ. 120 ನಂಬರಿನ ಉಪ್ಪು ಕಾಗದದಲ್ಲಿ ತಗಡಿನ ಹೊಳಪು ಹೋಗುವವರೆಗೆ ಉಜ್ಜಿದೆ. ಸೋಪಿನಲ್ಲಿ ತೊಳೆದೆ. ಜಿ.ಐ.ಗೆಂದೇ ಬರುವ ಎಚ್ ಪ್ರೈಮರ್ (etch primer) ತಂದೆ, ಅರ್ಧ ಲೀಟರಿಗೆ 380. ಈಗ ಒಣಗಿಸುವುದು ಎಲ್ಲಿ? ಹೊರಗೆ ಜಡಿಮಳೆ, ಒಳಗೆ ತೇವ. ಕೊನೆಗೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಶೆಡ್ಡಿನಲ್ಲಿ ಇಟ್ಟೆ, ಮೂಲೆಯಲ್ಲಿ ಟೇಬಲ್ ಫ್ಯಾನ್. ಪ್ರೈಮರ್ ಒಂದು ಹಗಲು, ಬಣ್ಣ ಒಂದೊಂದು ಕೋಟಿಗೆ ಒಂದು ಹಗಲು ಒಂದು ರಾತ್ರಿ. ಒಂದು ಮೂಲೆಯಲ್ಲಿ ಅಡಿಕೆಯ ಸಿಪ್ಪೆಯ ನಾರು ಅಂಟಿಕೊಂಡು ಒಣಗಿದೆ. ಹಾಗೇ ಬಿಟ್ಟಿದ್ದೇನೆ.

ಪಾರದರ್ಶಕ ಬಾಗಿಲಿಗೆ 3 ಮಿಲಿಮೀಟರ್ ಅಕ್ರಿಲಿಕ್, 910 ರೂಪಾಯಿ. ಕಬ್ಬಿಣದ ಬಿಟ್ಟಿನಲ್ಲಿ ವೇಗವಾಗಿ ತೂತು ಕೊರೆದೆ, ಸ್ಕ್ರೂ ಬಿಗಿ ಮಾಡಿದೆ, ಟಿಕ್ ಅಂತ ಮೂಲೆಯಲ್ಲಿ ಬಿರುಕು. ಬಿರುಕಿನ ತುದಿಯಲ್ಲಿ ಸಣ್ಣ ತೂತು ಹಾಕಿದ್ದಕ್ಕೆ ಅದು ಮುಂದೆ ಹೋಗದೆ ನಿಂತಿದೆ. ಉಳಿದ ತೂತುಗಳನ್ನು ಸ್ಕ್ರೂಗಿಂತ ಎರಡು ಮಿಲಿಮೀಟರ್ ದೊಡ್ಡದು ಮಾಡಿ ರಬ್ಬರ್ ವಾಷರ್ ಹಾಕಿದೆ. ಒಳಗೆ ನೋಟೀಸಿಗೆ ಅಂತ ಬಟ್ಟೆ ಹೊದಿಸಿದ ಸಾಫ್ಟ್ ಬೋರ್ಡ್ ಹಾಕಿದೆ, 450 ರೂಪಾಯಿ. ಕಾಗದಕ್ಕೂ ಮ್ಯಾಗ್ನೆಟ್ಟೇ ಸಾಕಿತ್ತು, ಆದರೆ ನೋಡಲು ಚೆಂದ ಅಂತ ಆಸೆಯಾಯಿತು.

ಜೂನ್ 1, ಭಾನುವಾರ

ರಾತ್ರಿ ಎಂಟು ಗಂಟೆಗೆ, ಟಾರ್ಚು ಹಿಡಿದು, ಕೊನೆಯ ನಟ್ಟು ಬಿಗಿದೆ. ಮರುದಿನ ಪ್ರವೇಶೋತ್ಸವ. ಬೆಳಿಗ್ಗೆ ಬಣ್ಣದ ಕಾಗದ, ಬಲೂನು, ಒಂದನೇ ತರಗತಿಗೆ ಸೇರುವ ಮಕ್ಕಳು ಕೊಡೆಗಳ ಅಡಿಯಲ್ಲಿ ಅಳುತ್ತಾ ನಗುತ್ತಾ ಬಂದರು. ಬೋರ್ಡಿನಲ್ಲಿ ಹಳದಿ ಪಟ್ಟಿಯಲ್ಲಿ 'ಸೋಮವಾರ 2 ಜೂನ್ ಪ್ರವೇಶೋತ್ಸವ'. ಚೆನ್ನಾಗಿತ್ತು.

ಚೆನ್ನಾಗಿತ್ತು, ಆದರೆ ಮಕ್ಕಳಿಗೆ ಕೈಗೆಟುಕುತ್ತಿರಲಿಲ್ಲ. ಬೋರ್ಡಿನ ಕೆಳಗಂಚು ನೆಲದಿಂದ ಮೂರೂವರೆ ಅಡಿ. ಒಂದನೇ ತರಗತಿಯ ಮಗು ಇರುವುದೇ ಸುಮಾರು ಅಷ್ಟು ಎತ್ತರ. ಮಕ್ಕಳೇ ಬದಲಿಸುವ ಬೋರ್ಡು ಅಂತ ಹೇಳುತ್ತಾ ನನ್ನ ಕಣ್ಣಿನ ಎತ್ತರಕ್ಕೆ ತೂಗುಹಾಕಿದ್ದೆ. ಒಂದು ಹುಡುಗಿ ಮ್ಯಾಗ್ನೆಟ್ ಕಾಣದೆ ತಗಡಿನ ಕೆಳಗಂಚನ್ನೇ ಸವರಿ ಹೋದಳು.

ಗೋಡೆಗೆ ಮತ್ತೆ ತೂತು ಕೊರೆಯುವ ಧೈರ್ಯವಿರಲಿಲ್ಲ. ಜೂನ್ 22ರ ಭಾನುವಾರ ಮಳೆ ಸ್ವಲ್ಪ ಬಿಟ್ಟಾಗ ಬೋರ್ಡಿನ ಅಡಿಗೆ ಮುರಕಲ್ಲಿನ ಕಟ್ಟೆ ಕಟ್ಟಿದೆವು. 8 ಇಂಚು ಎತ್ತರ, ಒಂದೂವರೆ ಅಡಿ ಅಗಲ, 6 ಅಡಿ ಉದ್ದ. ಯಾರದೋ ಮನೆ ಕಟ್ಟಿ ಉಳಿದ ಹನ್ನೊಂದು ಕಲ್ಲು, ಅರ್ಧ ಚೀಲ ಸಿಮೆಂಟು, 220 ರೂಪಾಯಿ. ಕಟ್ಟೆ ಹತ್ತಿ ಕೈ ಎತ್ತಿದರೆ ಸಣ್ಣ ಮಕ್ಕಳಿಗೂ ಬೋರ್ಡಿನ ಕೆಳಗಿನ ಒಂದೂವರೆ ಅಡಿ ಸಿಗುತ್ತದೆ. 'ಮುಂದಿನ ಕಾರ್ಯಕ್ರಮ' ಈಗ ಕೆಳಗೆ, ಟೀಚರ್ ಬರೆಯುವುದು ಮೇಲೆ. ಸಂಜೆ ಅಜ್ಜಿಯರು ಆ ಕಟ್ಟೆಯಲ್ಲಿ ಕೂರುತ್ತಾರೆ, ಬೋರ್ಡಿಗೆ ಬೆನ್ನು ಹಾಕಿ.

ಜೂನ್ 5. ಮೊದಲ ಪರೀಕ್ಷೆ

ಬಕ್ರೀದ್ ರಜೆ. ಮೊದಲು ಶುಕ್ರವಾರ ಅಂತಿತ್ತು. ಆಮೇಲೆ ಶನಿವಾರ ಅಂದರು. ಕೊನೆಗೆ ಶಾಲೆಗಳಿಗೆ ಶುಕ್ರವಾರವೂ ರಜೆ ಅಂದರು. ವಾಟ್ಸಾಪಿನಲ್ಲಿ ಹಳೇ ಸಂದೇಶ, ಹೊಸ ಸಂದೇಶ ಎಲ್ಲ ಕಲಸಿ ಯಾವುದು ಕೊನೆಯದು ಅಂತ ತಿಳಿಯದ ಸ್ಥಿತಿ. ಬೋರ್ಡಿನಲ್ಲಿ 'ರಜೆ' ಪಟ್ಟಿ ಅಲ್ಲೇ ಇತ್ತು, ಅದರ ಪಕ್ಕದ ವಾರದ ಹೆಸರು ಮಾತ್ರ ಬದಲಾಗುತ್ತಾ ಹೋಯಿತು.

ಮಳೆ ರಜೆಗೆ ಮಾತ್ರ ಈ ಬೋರ್ಡು ಪ್ರಯೋಜನವಿಲ್ಲ. ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಸಾರುವುದು ಸಾಮಾನ್ಯವಾಗಿ ಸಂಜೆಯ ಮೇಲೆ, ಮಕ್ಕಳು ಮನೆ ಸೇರಿದ ನಂತರ. ಅದಕ್ಕೆ ಫೋನೇ ಗತಿ.

ಜೂನ್ 8ರಿಂದ 15. ನೀರು

ಎರಡು ತೊಂದರೆ. ಒಂದು, ಎರಚಲು. 1 ಅಡಿ ಚಾಚಿದ ಸೂರು ನೇರ ಬೀಳುವ ಮಳೆಗೆ ಸಾಕು. ನಮ್ಮ ಮಳೆ ನೇರ ಬೀಳುವುದಿಲ್ಲ ಅಲ್ವಾ. ಬರೆದ ಸೀಮೆಸುಣ್ಣ ಮಧ್ಯಾಹ್ನಕ್ಕೆ ಹಾಲಿನ ಹಾಗೆ ಹರಿಯಿತು. ಉಳಿದ ಪೈಪಿನಲ್ಲಿ ಕೈಗಳನ್ನು ಉದ್ದ ಮಾಡಿ ಸೂರನ್ನು 20 ಇಂಚಿಗೆ ಚಾಚಿದೆ. ಎರಡೂ ಪಕ್ಕಕ್ಕೆ ಮರೆ ಬೇಕಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಎ.ಸಿ.ಪಿ. ಹಾಳೆ ನೆನಪಾಯಿತು. ಚಾಕುವಿನಲ್ಲಿ ಗೀರಿ ಮಡಚಿದರೆ ನೇರ ಮುರಿಯುತ್ತದೆ. ಎರಡು ಕೆನ್ನೆ ಮಾಡಿ ಸ್ಕ್ರೂ ಹಾಕಿದೆ. ಉಳಿದ ತುಂಡು ಕೋಳಿಗೂಡಿನ ಬಾಗಿಲಾಯಿತು.

ಎರಡನೆಯದು ಬಾಗಿಲಿನ ಒಳಗೆ. ನೀರು ಹೋಗಬಾರದು ಅಂತ ತಗಡಿನ ಅಂಚಿಗೆಲ್ಲ ಸಿಲಿಕೋನ್ ತುಂಬಿ, ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿ ಡಬ್ಬದ ಹಾಗೆ ಮುಚ್ಚಿದ್ದೆ. ಹೊರಗಿನ ನೀರು ಹೋಗಲಿಲ್ಲ, ಒಳಗಿನದ್ದು ಹೊರಗೆ ಬರಲಿಲ್ಲ. ಬೆಳಿಗ್ಗೆ ಅಕ್ರಿಲಿಕ್‌ನ ಒಳಮೈಯಲ್ಲಿ ಬೆವರು. ಸಾಫ್ಟ್ ಬೋರ್ಡು ಉಬ್ಬಿ, ಬಟ್ಟೆಯ ಮೇಲೆ ಹಸಿರು ಬೂಷ್ಟು. ಪ್ರವೇಶೋತ್ಸವದ ಫೋಟೋಗಳಲ್ಲಿ ಮಕ್ಕಳ ಮುಖದ ಬಣ್ಣ ಕೆಳಗಿಳಿದು, ಎಲ್ಲರೂ ಯಕ್ಷಗಾನದ ಚೌಕಿಯಿಂದ ಅರ್ಧ ವೇಷ ತೊಳೆದು ಬಂದವರ ಹಾಗೆ ಕಾಣುತ್ತಿದ್ದರು.

ಸಾಫ್ಟ್ ಬೋರ್ಡು ಕಿತ್ತು ಎಸೆದೆ. ಕೆಳಗೆ ನಾಲ್ಕು, ಸೂರಿನ ಅಡಿಯಲ್ಲಿ ಮೇಲೆ ನಾಲ್ಕು, 10 ಮಿಲಿಮೀಟರಿನ ತೂತು ಹಾಕಿ ಸೊಳ್ಳೆ ಬಲೆ ಅಂಟಿಸಿದೆ. ಗಾಳಿ ಆಡಿತು, ಬೆವರು ನಿಂತಿತು. ಇಂಕ್‌ಜೆಟ್‌ನಲ್ಲಿ ತೆಗೆದ ಕಾಗದ ಈಗ ಹಾಕುವುದಿಲ್ಲ. ಲೇಸರ್ ಪ್ರಿಂಟು ಅಥವಾ ಜೆರಾಕ್ಸ್ ಮಾತ್ರ, ಅದರ ಶಾಯಿ ತೇವಕ್ಕೆ ಹರಡುವುದಿಲ್ಲ. ಬಾಗಿಲಿಗೆ ಬೀಗ ಇದೆ, ಎರಡು ಕೀಲಿ. ಒಂದು ಟೀಚರ್ ಹತ್ತಿರ, ಇನ್ನೊಂದು ಊಟದ ಅಕ್ಕನ ಹತ್ತಿರ. ಅವರು ಏನನ್ನೂ ಕಳೆದುಕೊಳ್ಳುವವರಲ್ಲ.

ಲೆಕ್ಕ

ಕೆಲಸಕ್ಕೆ ಬಂದ ಸಾಮಾನು 7,760. ಇದರಲ್ಲಿ ಮೇಲೆ ಹೇಳದೆ ಬಿಟ್ಟದ್ದು ಹಸಿರು ಬಣ್ಣ 220, ಚೌಕಟ್ಟಿನ ಬಿಳಿ ಬಣ್ಣ 340, ಸಿಲಿಕೋನ್ 190, ತಿರುಗಣಿ, ಬೀಗ ಸೇರಿ 260, ರಾಡು, ಕಟಿಂಗ್ ಚಕ್ರ, ಉಪ್ಪು ಕಾಗದ ಸೇರಿ 360. ಸೂರಿನ ತಗಡು ಮನೆಯದ್ದು. ದಂಡ: ಎ.ಸಿ.ಪಿ. 1,900, ಸಾಫ್ಟ್ ಬೋರ್ಡು 450, ತೆಳು ಮ್ಯಾಗ್ನೆಟ್ 400, ಒಡೆದ ಕನ್ನಡ 320, ಆಂಕರ್ 100. ಒಟ್ಟು 3,170. ಎರಡೂ ಸೇರಿ 10,930. ಪಿ.ಟಿ.ಎ.ಯ 8,000 ಕಳೆದು 2,930 ನನ್ನ ಕಿಸೆಯದ್ದು. ನ್ಯಾಯವಾಗಿ ದಂಡ ಪೂರ್ತಿ ನಾನೇ ಕೊಡಬೇಕಿತ್ತು, 240 ರೂಪಾಯಿ ಪಿ.ಟಿ.ಎ. ಮೇಲೆ ಬಿತ್ತು. ಖಜಾಂಚಿ ಇನ್ನೂ ಕಂಡುಹಿಡಿದಿಲ್ಲ.

ಆಗಸ್ಟ್

ನಾಲ್ಕನೇ ತರಗತಿಯ ನಾಲ್ವರು ಸೋಮವಾರ ಬೆಳಿಗ್ಗೆ ಪಟ್ಟಿ ಬದಲಿಸುತ್ತಾರೆ. ಬಳಸದ ಪಟ್ಟಿಗಳೆಲ್ಲ ಸ್ಟೋರ್ ರೂಮಿನ ಕಬ್ಬಿಣದ ಕಪಾಟಿನ ಬಾಗಿಲಿಗೆ ಅಂಟಿಕೊಂಡಿರುತ್ತವೆ. ಡಬ್ಬದಲ್ಲಿಟ್ಟಿದ್ದರೆ ಇಷ್ಟರಲ್ಲಿ ಅರ್ಧ ಕಾಣೆಯಾಗುತ್ತಿತ್ತು. ಮಳೆಗಾಲದ ಬೆಳಿಗ್ಗೆ ತಗಡು ತೇವವಾಗಿ ಸೀಮೆಸುಣ್ಣ ಹಿಡಿಯುವುದಿಲ್ಲ. ಒಣ ಬಟ್ಟೆಯಲ್ಲಿ ಉಜ್ಜಿ, ಐದು ನಿಮಿಷ ಬಿಟ್ಟು ಬರೆಯಬೇಕು. ಅದು ಅವರೇ ಕಂಡುಕೊಂಡದ್ದು.

ಬೋರ್ಡಿನಲ್ಲಿ ಅತಿ ಹೆಚ್ಚು ಓದುವ ಸಾಲು ಯಾವುದು ಅಂತ ನಾನು ಮೊದಲೇ ಊಹಿಸಬೇಕಿತ್ತು. ಆಗಸ್ಟ್ 1ರಿಂದ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಹೊಸ ಮೆನು ಬಂತು. ಅನ್ನ ಸಾಂಬಾರಿನ ಜೊತೆ ಕೆಲವು ದಿನ ಫ್ರೈಡ್ ರೈಸ್, ಲೆಮನ್ ರೈಸ್, ತರಕಾರಿ ಬಿರಿಯಾನಿ. 'ಇಂದಿನ ಊಟ' ಅಂತ ಪಟ್ಟಿ ನನ್ನ 96ರಲ್ಲಿ ಇರಲೇ ಇಲ್ಲ. ಮಕ್ಕಳು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಾರೆ, ಸುತ್ತ ಚೌಕ ಹಾಕಿ. ಪಿ.ಟಿ.ಎ. ಸಭೆಯ ಸಾಲು ಅದರ ಅಡಿಯಲ್ಲಿ ಚಿಕ್ಕದಾಗಿ ಕೂತಿರುತ್ತದೆ.

ಆಗಸ್ಟ್ 13, ಬುಧವಾರ. 'ಸ್ವಾತಂತ್ರ್ಯೋತ್ಸವ' ಪಟ್ಟಿ ಹೊರಗೆ ಬಂತು. 14 ಇಂಚು ಉದ್ದ, ಎಲ್ಲಕ್ಕಿಂತ ಉದ್ದದ್ದು. ಬೆಳಿಗ್ಗೆಯಿಂದ ಅದನ್ನು ಟೀಚರ್ ನೋಡಿದರು, ಅಪ್ಪಂದಿರು ನೋಡಿದರು, ನಾನೂ ಹೋಗಿ ನೋಡಿ ಬಂದೆ. ಸರಿಯಾಗಿಯೇ ಇತ್ತು. ಸಂಜೆ ಮಗಳು ಮನೆಗೆ ಬಂದು, "ಅಪ್ಪಾ, ನಿಮ್ಮ ಬೋರ್ಡಲ್ಲಿ ಯ-ಒತ್ತು ಇಲ್ಲ" ಅಂದಳು. ನಿಜ. ತ-ಕ್ಕೆ ರ-ಒತ್ತು, ಅದರ ಕೆಳಗೆ ಯ-ಒತ್ತು. 2 ಇಂಚಿನ ಪಟ್ಟಿಯಲ್ಲಿ ಅಷ್ಟು ಕೆಳಗಿಳಿಯಲು ಜಾಗ ಇರಲಿಲ್ಲ. ನಾನೇ ಅಂಚು ಕತ್ತರಿಸುವಾಗ ಒತ್ತನ್ನೂ ಸೇರಿಸಿ ಕತ್ತರಿಸಿದ್ದೆ. ಉಕ್ತಲೇಖನದಲ್ಲಿ ಆ ಪದಕ್ಕೆ ಹಿಂದಿನ ವಾರವೇ ಅರ್ಧ ಅಂಕ ಕಳೆದುಕೊಂಡಿದ್ದರಿಂದ ಅವಳಿಗೆ ಅದು ಕಣ್ಣಿಗೆ ಬಿತ್ತಂತೆ.

ಹೊಸ ಪಟ್ಟಿ ಎರಡೂವರೆ ಇಂಚಿನದ್ದು ಮಾಡಿಸಬೇಕು. 'ಇಂದಿನ ಊಟ'ವೂ ಅದರ ಜೊತೆಗೇ. ಮಲಯಾಳ ಮಾತ್ರ ಓದಬಲ್ಲ ಅಮ್ಮಂದಿರಿಗಾಗಿ ಇಪ್ಪತ್ತು ಪಟ್ಟಿ ಬಾಕಿ ಇದೆ. ಅವನ್ನು ಕತ್ತರಿಸುವ ಮೊದಲು ಮಲಯಾಳ ಟೀಚರಿಗೆ ತೋರಿಸುತ್ತೇನೆ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಷ್ಟರಲ್ಲಿ ಮಕ್ಕಳು ಹಳದಿ ಪಟ್ಟಿಯ ಅಡಿಗೆ, ಹಸಿರು ತಗಡಿನ ಮೇಲೆ, ಸೀಮೆಸುಣ್ಣದಲ್ಲಿ ಯ-ಒತ್ತು ಬರೆದಾಗಿತ್ತು. ಸರಿಯಾಗಿ ತ-ದ ಕೆಳಗೆ.